ಭೂಪಾಲಿ, ದೇಶಕಾರ ಎರಡೂ ಜಾಲಚಿತ್ರದಲ್ಲಿ ಒಂದೇ ಥರ ಕಾಣುವುದೇಕೆ?

ಓದುಗರ ಪ್ರಶ್ನೆ: ಧಾರವಾಡದಲ್ಲಿ ಆರು ವರ್ಷದಿಂದ ಹಿಂದುಸ್ತಾನಿ ಗಾಯನ ಕಲಿಯುತ್ತಿದ್ದೇನೆ, ಹೊಟ್ಟೆಪಾಡಿಗೆ ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಕೆಲಸ. ಭೂಪಾಲಿ ರಾಗದ ಆರು, ದೇಶಕಾರ ರಾಗದ ಆರು ಚೀಜುಗಳನ್ನು (ಕಟ್ಟಿದ ಹಾಡುಗಳನ್ನು) ಭಾತಖಂಡೆ ಪದ್ಧತಿಯ ಸ್ವರಲಿಪಿಯಿಂದ ಎಕ್ಸೆಲ್ ಹಾಳೆಗೆ ಇಳಿಸಿ, ಗೆಫಿ ಎಂಬ ಸಾಫ್ಟ್‌ವೇರ್‌ನಲ್ಲಿ ಜಾಲಚಿತ್ರ ಮಾಡಿದೆ. ಸ್ವರಕ್ಕೊಂದು ಬಿಂದು, ಒಂದು ಸ್ವರದಿಂದ ಮುಂದಿನದಕ್ಕೆ ಒಂದು ಗೆರೆ. ಎರಡೂ ರಾಗಕ್ಕೆ ಒಂದೇ ಚಿತ್ರ ಬಂತು, ಎಲ್ಲ ಬಿಂದುವಿನಿಂದ ಎಲ್ಲ ಬಿಂದುವಿಗೂ ಗೆರೆ. ಎಲ್ಲಕ್ಕಿಂತ ದೊಡ್ಡ ಬಿಂದು ಯಾವ ಸ್ವರದ್ದೂ ಆಗಿರದೆ, ಸ್ವರ ಎಳೆಯುವುದಕ್ಕೆ ಹಾಕುವ ಅಡ್ಡಗೆರೆಯದಾಗಿತ್ತು! ಮತ್ತೊಮ್ಮೆ ಓಡಿಸಿದರೆ ಬಿಂದುಗಳ ಜಾಗವೇ ಬದಲು. ತೀನ್‌ತಾಲದ ಠೇಕಾ (ತಬಲಾದ ಮೂಲ ಬೋಲ್‌ಗಳ, ಅಂದರೆ ಬಡಿತದ ಅಕ್ಷರಗಳ ಸಾಲು) ಹಾಕಿದರೆ ಹದಿನಾರು ಮಾತ್ರೆ (ತಾಲದ ಎಣಿಕೆ) ಹೋಗಿ ನಾಲ್ಕೇ ಬಿಂದು ಉಳಿದವು. ಗುರುಗಳಿಗೆ ತೋರಿಸಿದೆ. ‘ರಾಗ ಚಿತ್ರದಾಗ ಸಿಗೂದಿಲ್ಲಪಾ, ಮೊದಲ ಹಾಡು’ ಅಂದರು. ನನ್ನ ವಿಧಾನ ತಪ್ಪೋ, ವಿಚಾರವೇ ತಪ್ಪೋ? ದೊಡ್ಡ ಬಿಂದುವನ್ನು ವಾದಿ, ಅಂದರೆ ರಾಗದ ಮುಖ್ಯ ಸ್ವರ, ಅನ್ನಬಹುದೇ? ಧ್ವನಿಮುದ್ರಣದಿಂದ ನೇರವಾಗಿ ಚಿತ್ರ ತೆಗೆಯಲು ಬರುತ್ತದೆಯೇ? ಬರುವ ತಿಂಗಳು ಸಂಗೀತ ವಿದ್ಯಾರ್ಥಿಗಳ ಮುಂದೆ ಇದನ್ನು ತೋರಿಸಬೇಕಾಗಿದೆ.

ಉತ್ತರ:

ವಿಚಾರ ಸರಿ ಇದೆ. ಲಿಪಿಯನ್ನು ಹಾಳೆಗೆ ಇಳಿಸುವಾಗಲೇ ಅರ್ಧ ಸಂಗತಿ ಸೋರಿಹೋಗಿದೆ, ಉಳಿದರ್ಧ ಗೆಫಿಯಲ್ಲಿ. ನಿಮಗೆ ಬಂದ ಚಿತ್ರ ರಾಗದ್ದೂ ಅಲ್ಲ, ತಾಲದ್ದೂ ಅಲ್ಲ. ನಿಮ್ಮ ಎಕ್ಸೆಲ್ ಹಾಳೆಯದು. ಗುರುಗಳ ಮಾತಿನಲ್ಲಿ ಒಂದು ಭಾಗ ಪೂರ್ತಿ ನಿಜ. ಎಷ್ಟು ನಿಜ ಎಂಬುದನ್ನು ಎಣಿಸಿಯೇ ತೋರಿಸಬಹುದು. ಅದಕ್ಕೆ ತಾಲವೇ ಸಲೀಸು, ಅಲ್ಲಿಂದಲೇ ಶುರು ಮಾಡೋಣ.

ನಾಲ್ಕು ಬಿಂದುವಿನ ತೀನ್‌ತಾಲ

ಠೇಕಾ ನಿಮಗೆ ಬಾಯಿಪಾಠ:

ಧಾ ಧಿಂ ಧಿಂ ಧಾ | ಧಾ ಧಿಂ ಧಿಂ ಧಾ | ಧಾ ತಿಂ ತಿಂ ತಾ | ತಾ ಧಿಂ ಧಿಂ ಧಾ

ಬೋಲಿಗೊಂದು ಬಿಂದು ಅಂದ ಕೂಡಲೇ ಧಾ, ಧಿಂ, ತಿಂ, ತಾ ಎಂಬ ನಾಲ್ಕು ಬಿಂದುಗಳಷ್ಟೇ ಆಗುತ್ತವೆ. ಸಾಫ್ಟ್‌ವೇರ್ ಇದರಲ್ಲಿ ತಪ್ಪೇನೂ ಮಾಡಿಲ್ಲ. ಹದಿನಾರನೆಯ ಮಾತ್ರೆಯಿಂದ ಸಮಕ್ಕೆ (ಮೊದಲ ಮಾತ್ರೆಗೆ) ಬರುವ ನಡೆಯನ್ನೂ ಸೇರಿಸಿ ಒಟ್ಟು 16 ನಡೆಗಳು: ಧಾ→ಧಿಂ 2, ಧಿಂ→ಧಿಂ 3, ಧಿಂ→ಧಾ 3, ಧಾ→ಧಾ 3, ಧಾ→ತಿಂ, ತಿಂ→ತಿಂ, ತಿಂ→ತಾ, ತಾ→ತಾ, ತಾ→ಧಿಂ ಒಂದೊಂದು. ನಿಮ್ಮ ಚಿತ್ರದಲ್ಲಿ ಈ ಒಂಬತ್ತು ಬಾಣಗಳು ಇದೇ ತೂಕದಲ್ಲಿ, ಅಂದರೆ ಎಷ್ಟು ಸಲ ಬಂತೆಂಬ ಲೆಕ್ಕದಲ್ಲಿ, ಇರಬೇಕು. ಹದಿನೈದೇ ನಡೆ ಎಣಿಕೆಯಾಗಿದ್ದರೆ ಕೊನೆಯ ಧಾದಿಂದ ಸಮಕ್ಕೆ ಹೋಗುವ ಬಾಣ ಬಿಟ್ಟುಹೋಗಿದೆ ಎಂದೇ ಅರ್ಥ. ಹಾಳೆ ಕೊನೆಯ ಸಾಲಿಗೆ ಮುಗಿಯುತ್ತದೆ, ತಾಲ ಮುಗಿಯುವುದಿಲ್ಲ. ಈ ತಪ್ಪು ಬಹಳ ಜನ ಮಾಡುತ್ತಾರೆ.

ಈಗ ಹಿಂದಿನಿಂದ ಮುಂದಕ್ಕೆ ಕೇಳಿ: ಈ ಚಿತ್ರವನ್ನಷ್ಟೇ ಒಬ್ಬರ ಕೈಗೆ ಕೊಟ್ಟು ‘ಪ್ರತಿ ಬಾಣವನ್ನೂ ಅದರ ತೂಕದಷ್ಟು ಸಲ ಬಳಸಿ ಹದಿನಾರು ಮಾತ್ರೆಯ ಒಂದು ಸುತ್ತು, ಅಂದರೆ ಆವರ್ತನ, ಕಟ್ಟು’ ಅಂದರೆ ತೀನ್‌ತಾಲವೇ ಬರುತ್ತದೆಯೇ? ತಿಂ ತಿಂ ತಾ ತಾ ಎಂಬ ತುಂಡಿಗೆ ಬೇರೆ ದಾರಿಯೇ ಇಲ್ಲ, ಅದು ಗಟ್ಟಿ. ಅದರಾಚೆ ಧಿಂ ಮೂರು ಗುಂಪಾಗಿ, ಧಾ ಮೂರು ಗುಂಪಾಗಿ ಒಂದಾದ ಮೇಲೊಂದು ಬರಬೇಕು. ಆರು ಧಿಂಗಳನ್ನು ಮೂರು ಗುಂಪಿಗೆ, ಗುಂಪಿಗೆ ಕನಿಷ್ಠ ಒಂದರಂತೆ ಹಂಚಲು 10 ರೀತಿ. ಆರು ಧಾಗಳಿಗೂ 10 ರೀತಿ. ಗುಣಿಸಿದರೆ 100. ಅಂದರೆ ನಿಮ್ಮ ಚಿತ್ರವನ್ನೇ ಚಾಚೂ ತಪ್ಪದೆ ಕೊಡುವ ಆವರ್ತನಗಳು ನೂರು. ತೀನ್‌ತಾಲ ಅದರಲ್ಲೊಂದು. ಇನ್ನೊಂದು ಹೀಗಿದೆ, ತಬಲಾದವರ ಮುಂದೆ ಓದಬೇಡಿ: ತಿಂ ತಿಂ ತಾ ತಾ ಧಿಂ ಧಾ ಧಾ ಧಿಂ ಧಿಂ ಧಿಂ ಧಿಂ ಧಾ ಧಾ ಧಿಂ ಧಾ ಧಾ. ಎಣಿಸಿ ನೋಡಿ, ಒಂಬತ್ತೂ ಬಾಣಗಳು ಅದೇ ತೂಕದಲ್ಲಿ ಸಿಗುತ್ತವೆ.

ಇದು ನಿಮ್ಮ ಒಬ್ಬರ ಚಿತ್ರದ ದೋಷವಲ್ಲ, ಜಾಲಚಿತ್ರದ ಹುಟ್ಟುಗುಣ. ಕೋನಿಗ್ಸ್‌ಬರ್ಗ್ ಊರಿನ ಏಳು ಸೇತುವೆಗಳನ್ನು ಒಂದೊಂದೇ ಸಲ ದಾಟಿ ಬರಲು ಸಾಧ್ಯವೇ ಎಂಬ ಲೆಕ್ಕವನ್ನು ಲಿಯೊನಾರ್ಡ್ ಆಯ್ಲರ್ 1736ರಲ್ಲಿ ಬಿಡಿಸಿದ್ದರಿಂದಲೇ ಈ ಶಾಸ್ತ್ರ ಶುರುವಾಯಿತು ಎನ್ನುತ್ತಾರೆ. (ಅದೇ ಆಯ್ಲರ್ 1739ರ ಸಂಗೀತ ಗ್ರಂಥದಲ್ಲಿ ಸ್ವರಗಳನ್ನೂ ಜಾಲವಾಗಿ ಬರೆದರು. ಆ ಜಾಲ ಷಡ್ಜ-ಪಂಚಮ, ಷಡ್ಜ-ಗಾಂಧಾರ ಸಂಬಂಧಗಳದ್ದು. ಪಾಶ್ಚಾತ್ಯ ಹಾರ್ಮನಿಗೆ ಒದಗುತ್ತದೆ, ರಾಗದ ನಡೆಗೆ ಅಷ್ಟಾಗಿ ಒದಗದು.) ನಿಮ್ಮ ಪ್ರತಿಯೊಂದು ಚೀಜೂ ಹಾಗೊಂದು ಸೇತುವೆಯ ಸುತ್ತಾಟವೇ. ಎಲ್ಲ ಬಾಣಗಳನ್ನೂ ಲೆಕ್ಕ ತಪ್ಪದೆ ಮುಗಿಸುವ ದಾರಿ ಒಂದೇ ಇರಬೇಕೆಂಬ ನಿಯಮವಿಲ್ಲ. ‘ರಾಗ ಚಿತ್ರದಾಗ ಸಿಗೂದಿಲ್ಲ’ ಎಂಬುದರ ಲೆಕ್ಕದ ರೂಪ ಇದೇ.

ಪರಿಹಾರವೂ ಇದೇ ಲೆಕ್ಕದೊಳಗಿದೆ. ಬಿಂದು ಎಂದರೆ ಒಂದು ಬೋಲ್ ಎನ್ನುವ ಬದಲು, ಪಕ್ಕಪಕ್ಕದ ಎರಡು ಬೋಲ್‌ಗಳ ಜೋಡಿ ಎನ್ನಿ: ಧಾಧಿಂ, ಧಿಂಧಿಂ, ಧಿಂಧಾ, ಧಾಧಾ, ಧಾತಿಂ, ತಿಂತಿಂ, ತಿಂತಾ, ತಾತಾ, ತಾಧಿಂ. ಒಂಬತ್ತು ಬಿಂದು, ಹತ್ತು ಬಾಣ. ಎಂಟು ಬಿಂದುಗಳಿಂದ ಹೊರಡಲು ಒಂದೊಂದೇ ದಾರಿ. ಧಾಧಾ ಒಂದರಲ್ಲಿ ಮಾತ್ರ ಕವಲು, ಎರಡು ಸಲ ಧಿಂ ಕಡೆಗೆ, ಒಂದು ಸಲ ತಿಂ ಕಡೆಗೆ. ಇಡೀ ತಾಲದಲ್ಲಿ ಖಾಲಿಗೆ (ಚಪ್ಪಾಳೆಯಿಲ್ಲದ ವಿಭಾಗಕ್ಕೆ) ತಿರುಗುವ ಬಾಗಿಲು ಎಲ್ಲಿದೆ ಎಂಬುದು ಚಿತ್ರದಲ್ಲಿ ಬೆರಳಿಟ್ಟು ತೋರಿಸುವಷ್ಟು ಸ್ಪಷ್ಟವಾಗುತ್ತದೆ. ತೂಕ ಸಮೇತ ಬಳಸಿದರೆ ನೂರು ಆವರ್ತನಗಳು ಕುಗ್ಗಿ ಒಂದೇ ಉಳಿಯುತ್ತದೆ.

ಆದರೂ ಎರಡು ಕೊರತೆ. ಸಮ ಎಲ್ಲಿದೆ ಎಂಬುದು ಈ ಚಿತ್ರಕ್ಕೂ ಗೊತ್ತಿಲ್ಲ. ಸುತ್ತು ಸರಿ ಇದೆ, ತಲೆ ಯಾವುದೆಂದು ನೀವೇ ಗುರುತು ಹಾಕಬೇಕು. ಎರಡನೆಯದು ಇನ್ನೂ ಸ್ವಾರಸ್ಯದ್ದು. ಧಾಧಾಕ್ಕೆ ಬಂದು ನಿಂತವನು ಮುಂದೆ ಧಿಂಗೆ ಹೋಗಬೇಕೋ ತಿಂಗೆ ಹೋಗಬೇಕೋ ಎಂದು ಹಿಂದಿನ ಬೋಲ್‌ಗಳನ್ನಷ್ಟೇ ನೆನೆದು ನಿರ್ಧರಿಸಬೇಕಾದರೆ ಎಷ್ಟು ಹಿಂದಕ್ಕೆ ಹೋಗಬೇಕು? ಐದನೆಯ ಮಾತ್ರೆಯ ಧಾ ಮತ್ತು ಒಂಬತ್ತನೆಯ ಮಾತ್ರೆಯ ಧಾ, ಎರಡರ ಹಿಂದೆಯೂ ಒಂದೇ ಬೋಲ್‌ಗಳ ಸಾಲು. ಆ ಧಾವನ್ನೂ ಸೇರಿಸಿ ಎಂಟು ಬೋಲ್ ಹಿಂದಕ್ಕೆ ಹೋದರೂ ವ್ಯತ್ಯಾಸ ಸಿಗುವುದಿಲ್ಲ. ಒಂಬತ್ತನೆಯದಕ್ಕೆ ಒಂದು ಕಡೆ ತಾ, ಇನ್ನೊಂದು ಕಡೆ ಧಾ ಸಿಗುತ್ತದೆ. ಹೀಗೆ ನೆನಪಿಟ್ಟುಕೊಂಡು ತಾಲ ಹಿಡಿಯುವವರು ಯಾರೂ ಇಲ್ಲ. ಅದಕ್ಕೇ ಕೈಯಲ್ಲಿ ಚಪ್ಪಾಳೆ, ಖಾಲಿ ತೋರಿಸುವುದು. ನಿಮ್ಮ ಚಿತ್ರಕ್ಕೂ ಅದನ್ನೇ ಕಲಿಸಿ: ಬೋಲಿನ ಜೊತೆ ವಿಭಾಗದ (ನಾಲ್ಕು ಮಾತ್ರೆಯ ಗುಂಪಿನ) ಸಂಖ್ಯೆ ಬರೆಯಿರಿ. ಧಾ1, ಧಿಂ1, ಧಾ2, ಧಿಂ2, ಧಾ3, ತಿಂ3, ತಾ3, ತಾ4, ಧಿಂ4, ಧಾ4. ಹತ್ತು ಬಿಂದು, ತೂಕ ಒಂದರ ಹದಿನಾರು ಬಾಣ. ಭರಿ (ಚಪ್ಪಾಳೆಯ ವಿಭಾಗ), ಖಾಲಿ ಎರಡೂ ಕಾಣುತ್ತವೆ. ಕಲಿಯುವವರ ಮುಂದೆ ಇಡಲು ನನ್ನ ಆಯ್ಕೆ ಇದೇ.

ಬರೀ ತಾಲದ ಹಂದರ ತೋರಿಸುವುದಿದ್ದರೆ ಹದಿನಾರು ಮಾತ್ರೆಗಳ ವೃತ್ತ ಸಾಕು, 22.5 ಡಿಗ್ರಿಗೊಂದು ಬಿಂದು. ರೂಪಕ ತಾಲಕ್ಕೆ ಏಳು ಬಿಂದು; ಅಲ್ಲಿ ಸಮವೇ ಖಾಲಿಯಾದ್ದರಿಂದ ಮೊದಲ ಬಿಂದುವನ್ನು ತುಂಬದೆ ಬರೀ ಸುತ್ತುಗೆರೆಯಲ್ಲಿ ಬಿಡಿ. ಇದಕ್ಕೆ ಸಾಫ್ಟ್‌ವೇರ್ ಬೇಡ, ಕೈವಾರ-ಕೋನಮಾಪಕ ಸಾಕು.

ಈಗ ರಾಗಕ್ಕೆ

ಭೂಪಾಲಿಯಲ್ಲೂ ದೇಶಕಾರದಲ್ಲೂ ಸಾ ರೇ ಗ ಪ ಧ ಐದೇ ಸ್ವರ, ಎಲ್ಲವೂ ಶುದ್ಧ. ಭೂಪಾಲಿ ಕಲ್ಯಾಣ ಥಾಟಿನದು (ಥಾಟ್ ಎಂದರೆ ರಾಗಗಳ ಮೂಲವರ್ಗ), ವಾದಿ ಗ, ಸಂವಾದಿ (ಎರಡನೆಯ ಮುಖ್ಯ ಸ್ವರ) ಧ, ಪೂರ್ವಾಂಗದ (ಸಪ್ತಕದ ಕೆಳ ಅರ್ಧದ) ರಾಗ, ರಾತ್ರಿಯದು. ದೇಶಕಾರ ಬಿಲಾವಲ ಥಾಟಿನದು, ವಾದಿ ಧ, ಸಂವಾದಿ ಗ, ಉತ್ತರಾಂಗದ (ಮೇಲಿನ ಅರ್ಧದ) ರಾಗ, ಬೆಳಗಿನದು. ಐದು ಬಿಂದುಗಳ ನಡುವೆ ಹೆಚ್ಚೆಂದರೆ 20 ಬಾಣಗಳಿರಲು ಸಾಧ್ಯ. ಆರು ಚೀಜು ಸೇರಿಸಿದರೆ ಈ ಇಪ್ಪತ್ತರಲ್ಲಿ ಬಹುತೇಕ ಎಲ್ಲವೂ ಒಂದಲ್ಲ ಒಂದು ಸಲ ಬಂದೇ ಬರುತ್ತವೆ. ಬಾಣ ‘ಇದೆಯೋ ಇಲ್ಲವೋ’ ಎಂದು ನೋಡಿದರೆ ಎರಡೂ ಒಂದೇ ಚಿತ್ರ. ‘ಎಷ್ಟು ಸಲ, ಯಾವ ಸ್ಥಾಯಿಯಲ್ಲಿ (ಕೆಳಗಿನ ಮಂದ್ರ, ನಡುವಿನ ಮಧ್ಯ, ಮೇಲಿನ ತಾರ), ಎಲ್ಲಿ ನಿಂತು’ ಎಂದು ನೋಡಿದರೆ ಬೇರೆ. ಹುಬ್ಬಳ್ಳಿ-ಧಾರವಾಡದ ನಡುವಿನ ಚಿಗರಿ ಬಸ್ಸಿನ ಮಾರ್ಗದ ನಕ್ಷೆ ನೋಡಿ ಯಾವ ನಿಲ್ದಾಣದಲ್ಲಿ ಬಸ್ಸು ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಹೇಳಲಾಗದು. ಈ ಎರಡು ರಾಗಗಳ ಜಗಳವೆಲ್ಲ ನಿಲ್ಲುವುದರಲ್ಲೇ ಇದೆ.

ಒಂದು ಪಕಡ್ (ರಾಗದ ಗುರುತು ಹೇಳುವ ಸ್ವರಗುಚ್ಛ) ಹಿಡಿದು ನೋಡೋಣ. ಭೂಪಾಲಿಗೆ ಸಾಮಾನ್ಯವಾಗಿ ಹೇಳುವುದು: ಗ ರೇ ಸಾ ಧ ಸಾ ರೇ ಗ, ಪ ಗ, ಧ ಪ ಗ ರೇ ಸಾ. ಮೊದಲ ತುಂಡಿನ ಧ ಮಂದ್ರದ್ದು, ಕೊನೆಯ ತುಂಡಿನದು ಮಧ್ಯದ್ದು. ಅಲ್ಪವಿರಾಮ ಲೆಕ್ಕಿಸದೆ ಹದಿನಾಲ್ಕು ಸ್ವರಗಳನ್ನು ಒಂದೇ ಸಾಲಾಗಿ ಇಳಿಸಿದರೆ 13 ನಡೆಗಳು. ಅದರಲ್ಲಿ ಗ→ಪ, ಗ→ಧ ಎಂಬ ಎರಡು ನಡೆಗಳು ಹಾಡುವವರ ಬಾಯಲ್ಲಿ ನಡೆಗಳೇ ಅಲ್ಲ. ಗಾಂಧಾರದ ಮೇಲೆ ನ್ಯಾಸ ಮಾಡಿ, ಅಂದರೆ ನಿಂತು ತುಂಡು ಮುಗಿಸಿ, ಉಸಿರು ತೆಗೆದುಕೊಂಡು, ಹೊಸ ತುಂಡು ಎತ್ತುತ್ತಾರೆ. ಹಾಳೆಗೆ ಆ ಉಸಿರು ಗೊತ್ತಾಗಲಿಲ್ಲ. ಇದರ ಮೇಲೆ ಮಂದ್ರ ಧ, ಮಧ್ಯ ಧ ಎರಡನ್ನೂ ಒಂದೇ ಬಿಂದುವಿಗೆ ಕಟ್ಟಿದರೆ ಸಾ→ಧ→ಪ ಎಂಬ ದಾರಿ ತೆರೆದುಕೊಳ್ಳುತ್ತದೆ. ಈ ಪಕಡಿನಲ್ಲಿ ಆ ದಾರಿಯೇ ಇಲ್ಲ. ಹೀಗೆ ಪ್ರತಿ ಸಾಲಿಗೂ ಒಂದೆರಡು ಸುಳ್ಳು ಬಾಣ ಸೇರಿದರೆ ಎಲ್ಲದಕ್ಕೂ ಎಲ್ಲದರಿಂದ ಗೆರೆ ಬರುವುದರಲ್ಲಿ ಆಶ್ಚರ್ಯವಿಲ್ಲ.

ವಿರಾಮದಲ್ಲಿ ಕತ್ತರಿಸಿ, ಸ್ಥಾಯಿ ಬೇರೆ ಮಾಡಿ ಎಣಿಸಿದರೆ 11 ನಡೆ, ಎಂಟು ಬಾಣ: ಗ→ರೇ 2, ರೇ→ಸಾ 2, ಪ→ಗ 2, ಸಾ→ಮಂದ್ರ ಧ, ಮಂದ್ರ ಧ→ಸಾ, ಸಾ→ರೇ, ರೇ→ಗ, ಧ→ಪ ಒಂದೊಂದು. ದೇಶಕಾರವನ್ನು ಹೀಗೇ ನೋಡಿ: ಧ, ಧ ಪ, ಗ ಪ ಧ ಪ, ಗ ರೇ ಸಾ. ನಡೆ ಆರು: ಧ→ಪ 2, ಗ→ಪ, ಪ→ಧ, ಗ→ರೇ, ರೇ→ಸಾ ಒಂದೊಂದು. ಇಷ್ಟು ಚಿಕ್ಕ ತುಣುಕಿನಲ್ಲೇ ಪಂಚಮವನ್ನು ಗಮನಿಸಿ. ಭೂಪಾಲಿಯಲ್ಲಿ ಪಂಚಮದಿಂದ ಹೊರಟ ಎರಡೂ ಬಾಣ ಗಾಂಧಾರಕ್ಕೆ ಇಳಿಯುತ್ತವೆ. ದೇಶಕಾರದಲ್ಲಿ ಹೊರಟ ಒಂದೇ ಬಾಣ ಧೈವತಕ್ಕೆ ಏರುತ್ತದೆ, ಉಳಿದೆರಡು ಸಲ ಪಂಚಮದಲ್ಲೇ ತುಂಡು ಮುಗಿಯುತ್ತದೆ. ಭೂಪಾಲಿಯ ಮೂರು ತುಂಡುಗಳಲ್ಲಿ ಎರಡು ಗಾಂಧಾರದಲ್ಲಿ ಮುಗಿದರೆ, ದೇಶಕಾರದ ನಾಲ್ಕು ತುಂಡುಗಳಲ್ಲಿ ಒಂದೂ ಗಾಂಧಾರದಲ್ಲಿ ಮುಗಿಯುವುದಿಲ್ಲ. ಭೂಪಾಲಿಯಲ್ಲಿ ಧೈವತದ ಮೇಲೆ ಹೆಚ್ಚು ನಿಂತರೆ ದೇಶಕಾರ ಇಣುಕುತ್ತದೆ ಎಂದು ನಿಮಗೆ ತಿದ್ದಿರುತ್ತಾರಲ್ಲ, ಅದು ಚಿತ್ರದಲ್ಲಿ ಬರಬೇಕಾದರೆ ತುಂಡಿನ ಆರಂಭಕ್ಕೊಂದು, ವಿರಾಮಕ್ಕೊಂದು ಬಿಂದು ಬೇರೆಯೇ ಇರಬೇಕು. ವಿರಾಮದ ಬಿಂದುವಿಗೆ ಯಾವ ಸ್ವರದಿಂದ ದಪ್ಪ ಬಾಣ ಬರುತ್ತದೋ ಅದೇ ನ್ಯಾಸಸ್ವರ.

ಸ್ಥಾಯಿ ಬೇರೆ ಮಾಡುವ ಮಾತು ಮಾರವಾ, ಪೂರಿಯಾ, ಸೋಹನಿ ರಾಗಗಳಿಗೆ ಬಂದಾಗ ಇನ್ನೂ ಗಟ್ಟಿ. ಮೂರಕ್ಕೂ ಸ್ವರ ಅವೇ. ಪೂರಿಯಾ ಮಂದ್ರದಲ್ಲಿ ಬೇರೂರಿದೆ, ಸೋಹನಿ ತಾರದ ಕಡೆಗೇ ಇರುತ್ತದೆ. ಸ್ಥಾಯಿ ಮಡಚಿದರೆ ರಾಗವೇ ಮಾಯ.

ಗೆರೆಗೆ ಬಾಣದ ತುದಿ ಇರಲೇಬೇಕು. ಭೀಮಪಲಾಸಿಯ ಆರೋಹದಲ್ಲಿ ರೇ, ಧ ಇಲ್ಲ, ಅವರೋಹದಲ್ಲಿ ಇವೆ. ಬಾಣ ಹಾಕಿದರೆ ಗ→ರೇ ಇರುತ್ತದೆ, ರೇ→ಗ ಇರುವುದಿಲ್ಲ. ರೇ ಬಿಂದುವಿನಿಂದ ಹೊರಗೆ ಸಾ ಕಡೆಗೊಂದೇ ದಾರಿ. ಬರೀ ಗೆರೆ ಎಳೆದರೆ ಈ ನಿಯಮವೇ ಅಳಿಸಿಹೋಗುತ್ತದೆ. ಗೆಫಿಗೆ ಕಡತ ಕೊಡುವಾಗ ‘ಡೈರೆಕ್ಟೆಡ್’ (ಬಾಣವುಳ್ಳದ್ದು) ಆರಿಸಿದ್ದೀರಾ ನೋಡಿಕೊಳ್ಳಿ.

ಹಾಳೆಯನ್ನು ಹೇಗೆ ತುಂಬಬೇಕು

ಒಂದು ಸ್ವರಕ್ಕೆ ಒಂದು ಸಾಲು. ಕಾಲಂಗಳು ಐದು: ಚೀಜಿನ ಸಂಖ್ಯೆ, ತುಂಡಿನ ಸಂಖ್ಯೆ, ಸ್ವರ, ಸ್ಥಾಯಿ (ಮಂದ್ರ 1, ಮಧ್ಯ 2, ತಾರ 3), ಎಷ್ಟು ಮಾತ್ರೆ. ಲಿಪಿಯಲ್ಲಿ ಮಂದ್ರಕ್ಕೆ ಕೆಳಗೆ, ತಾರಕ್ಕೆ ಮೇಲೆ ಹಾಕುವ ಚುಕ್ಕೆ ಟೈಪ್ ಮಾಡುವಾಗ ಬಿಟ್ಟುಹೋಗುತ್ತದೆ, ಅದಕ್ಕೇ ಸ್ಥಾಯಿಗೆ ಬೇರೆ ಕಾಲಂ.

ಅಡ್ಡಗೆರೆಗೆ ಸಾಲು ಕೊಡಬೇಡಿ. ಗ – – ಎಂದಿದ್ದರೆ ಅದು ಮೂರು ಮಾತ್ರೆಯ ಒಂದು ಗ. ಕೊನೆಯ ಕಾಲಂನಲ್ಲಿ 3. ಗ ಗ ಗ ಎಂದು ಮೂರು ಸಲ ಉಚ್ಚರಿಸಿದ್ದರೆ ಮಾತ್ರ ಮೂರು ಸಾಲು, ಚಿತ್ರದಲ್ಲಿ ಗ ತನ್ನ ಸುತ್ತಲೇ ಎರಡು ಸಲ ತಿರುಗುತ್ತದೆ. ನೀವು ಅಡ್ಡಗೆರೆಯನ್ನೂ ಸ್ವರವೆಂದು ಬಿಟ್ಟದ್ದರಿಂದ ಎಲ್ಲ ಸ್ವರವೂ ಅದಕ್ಕೆ ಹೋಗಿ, ಅದರಿಂದ ಮರಳಿ ಬಂದು, ಅದು ಜಾಲದ ನಡುವೆ ಕುಳಿತಿದೆ. ನಿಜವಾದ ಎಷ್ಟೋ ನಡೆಗಳನ್ನು ಅದೇ ನುಂಗಿದೆ.

ಕಣಸ್ವರವನ್ನು (ಮುಖ್ಯ ಸ್ವರಕ್ಕೆ ತಾಗಿ ಬರುವ ಚಿಕ್ಕ ಸ್ವರ) ಮೊದಲ ಸುತ್ತಿನಲ್ಲಿ ಬಿಟ್ಟುಬಿಡಿ. ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಇದ್ದ ಕಡೆ ಆರನೆಯ ಕಾಲಂನಲ್ಲಿ ಗುರುತು ಮಾಡಿಟ್ಟರೆ ಆ ಬಾಣವನ್ನು ಮುಂದೆ ತುಂಡುಗೆರೆಯಲ್ಲಿ ಬರೆಯಬಹುದು.

ಕೋಮಲಕ್ಕೆ ಇಂಗ್ಲಿಷಿನ ಸಣ್ಣಕ್ಷರ, ಶುದ್ಧಕ್ಕೆ ದೊಡ್ಡಕ್ಷರ ಎಂಬ ಪದ್ಧತಿ ಹಲವರದು. ಎಕ್ಸೆಲ್‌ನ ಎಣಿಕೆ ಸೂತ್ರಗಳೂ ಪಿವಟ್ ಟೇಬಲ್ಲೂ (ಎಣಿಸಿ ಪಟ್ಟಿ ಮಾಡುವ ಸೌಲಭ್ಯ) ಸಣ್ಣ-ದೊಡ್ಡ ಅಕ್ಷರಕ್ಕೆ ಭೇದ ಮಾಡುವುದಿಲ್ಲ. ಕೋಮಲ ರೇ, ಶುದ್ಧ ರೇ ಎರಡೂ ಸದ್ದಿಲ್ಲದೆ ಒಂದಾಗುತ್ತವೆ. ಭೂಪಾಲಿಯಲ್ಲಿ ಇದು ಗೊತ್ತಾಗದು. ಎರಡು ನಿಷಾದಗಳಿರುವ ದೇಸ್ ತೆಗೆದುಕೊಂಡ ದಿನ ಗೊತ್ತಾಗುತ್ತದೆ. ಕೋಮಲಕ್ಕೆ ಪಕ್ಕದಲ್ಲಿ ‘ಕೋ’ ಸೇರಿಸಿ ಬರೆಯುವುದೇ ಕ್ಷೇಮ.

ಆಮೇಲೆ ಪಕ್ಕದ ಕಾಲಂನಲ್ಲಿ ‘ಮುಂದಿನ ಸ್ವರ’: ಕೆಳಗಿನ ಸಾಲಿನ ಚೀಜೂ ತುಂಡೂ ಇದೇ ಆಗಿದ್ದರೆ ಆ ಸ್ವರ, ಬೇರೆಯಾಗಿದ್ದರೆ ‘ವಿರಾಮ’. ಪಿವಟ್ ಟೇಬಲ್‌ನಲ್ಲಿ ಸ್ಥಾಯಿಯ ಅಂಕಿ ಸಮೇತ ಸ್ವರ ಸಾಲಿಗೆ, ಮುಂದಿನ ಸ್ವರ ಕಾಲಂಗೆ ಹಾಕಿ ಎಣಿಸಿದರೆ ನಡೆಗಳ ಪಟ್ಟಿ ಸಿದ್ಧ. ಪ್ರತಿ ಸಾಲನ್ನೂ ಅದರ ಮೊತ್ತದಿಂದ ಭಾಗಿಸಿ. ಚೀಜುಗಳು ಉದ್ದಗಿಡ್ಡ ಇರುವುದರಿಂದ ಕಚ್ಚಾ ಎಣಿಕೆ ಹೋಲಿಸುವಂತಿಲ್ಲ. ‘ಗಾಂಧಾರದಿಂದ ಹೊರಟ ನೂರರಲ್ಲಿ ಎಷ್ಟು ಪಂಚಮಕ್ಕೆ’ ಎಂಬುದನ್ನು ಹೋಲಿಸಬಹುದು.

ಎಷ್ಟು ಸ್ವರ ಬೇಕು ಎಂದು ಮುಂದೆ ಕೇಳೇ ಕೇಳುತ್ತೀರಿ. ಚೀಜಿನ ಮೊದಲ ಭಾಗಕ್ಕೆ (ಅದಕ್ಕೂ ಸ್ಥಾಯಿ ಎಂದೇ ಹೆಸರು) ನಾಲ್ಕು, ಎರಡನೆಯ ಭಾಗವಾದ ಅಂತರಾಕ್ಕೆ ನಾಲ್ಕು ಸಾಲು ಎಂದು ಹಿಡಿದರೂ ತೀನ್‌ತಾಲದ ಒಂದು ಚೀಜಿಗೆ 128 ಮಾತ್ರೆ, ಆರಕ್ಕೆ 768. ಎಳೆದದ್ದನ್ನು ಕಳೆದರೆ ಇನ್ನೂ ಕಡಿಮೆ. ಮಂದ್ರ ಪಂಚಮದಿಂದ ತಾರ ಗಾಂಧಾರದವರೆಗೆ ಹತ್ತು ಬಿಂದು ಆದರೆ ನಡೆಗಳ ಪಟ್ಟಿಯಲ್ಲಿ 100 ಮನೆ, ಇಷ್ಟು ಸ್ವರಕ್ಕೆ ಪರವಾಗಿಲ್ಲ. ತೀನ್‌ತಾಲಕ್ಕೆ ಮಾಡಿದ ಹಾಗೆ ಸ್ವರಜೋಡಿಗಳನ್ನು ಬಿಂದು ಮಾಡಿದರೆ 1000 ಮನೆ, ಬಹುತೇಕ ಖಾಲಿ. ಆಗ ಚಿತ್ರ ರಾಗವನ್ನು ಬಿಟ್ಟು ಆ ಆರು ಚೀಜುಗಳನ್ನೇ ಒಪ್ಪಿಸುತ್ತದೆ. ಇದನ್ನು ಪರೀಕ್ಷಿಸಲು ಒಂದು ಸುಲಭ ದಾರಿ: ಭೂಪಾಲಿಯ ಆರನ್ನು ಮೂರು-ಮೂರಾಗಿ ಒಡೆದು ಎರಡು ಪಟ್ಟಿ ಮಾಡಿ. ಭೂಪಾಲಿ-ಭೂಪಾಲಿ ನಡುವಿನ ವ್ಯತ್ಯಾಸವೇ ಭೂಪಾಲಿ-ದೇಶಕಾರದ ವ್ಯತ್ಯಾಸದಷ್ಟಿದ್ದರೆ ಏನೂ ಸಿಕ್ಕಿಲ್ಲ ಎಂದರ್ಥ, ಇನ್ನಷ್ಟು ಚೀಜು ಬೇಕು.

ಬಿಂದುವಿನ ಜಾಗ, ಗಾತ್ರ, ವಾದಿ

ಓಡಿಸಿದಾಗಲೆಲ್ಲ ಜಾಗ ಬದಲಾಗುವುದು ಗೆಫಿಯ ‘ಫೋರ್ಸ್ ಅಟ್ಲಾಸ್’ ಥರದ ಜೋಡಣೆಗಳ ಸ್ವಭಾವ. ಬಿಂದುಗಳು ಒಂದನ್ನೊಂದು ತಳ್ಳುತ್ತವೆ, ಗೆರೆಗಳು ಎಳೆಯುತ್ತವೆ, ಎಲ್ಲೋ ಒಂದು ಕಡೆ ನಿಲ್ಲುತ್ತವೆ. ನಡುವೆ ಬಂದ ಬಿಂದು ಮುಖ್ಯ, ಅಂಚಿನದು ಗೌಣ ಎಂದು ಓದುವುದು ಕಲ್ಪನೆ. ಎರಡು ರಾಗ ಹೋಲಿಸುವುದಿದ್ದರೆ ಜಾಗವನ್ನು ನೀವೇ ಕಟ್ಟಿಹಾಕಿ. ಸ್ವರದ ಎತ್ತರವನ್ನೇ ಚಿತ್ರದ ಎತ್ತರ ಮಾಡಿ: ಮಂದ್ರ ಪಂಚಮ ಎಲ್ಲಕ್ಕಿಂತ ಕೆಳಗೆ, ತಾರ ಗಾಂಧಾರ ಎಲ್ಲಕ್ಕಿಂತ ಮೇಲೆ. ಏರುವ ಬಾಣ ಬಲಕ್ಕೆ ಬಾಗಲಿ, ಇಳಿಯುವುದು ಎಡಕ್ಕೆ. ಹಾಡುವವರಿಗೆ ವಿವರಣೆ ಇಲ್ಲದೆ ಅರ್ಥವಾಗುವ ಚಿತ್ರ ಇದೊಂದೇ.

ಇನ್ನು ವಾದಿ. ದೊಡ್ಡ ಬಿಂದು ವಾದಿ ಅಲ್ಲ. ಎಷ್ಟು ಸಲ ಬಂತು ಎಂದು ಎಣಿಸಿದರೆ ಅನೇಕ ರಾಗಗಳಲ್ಲಿ ಸಾ ದೊಡ್ಡದಾಗಿ ಕೂರುತ್ತದೆ, ಯಾಕೆಂದರೆ ತುಂಡುಗಳು ಬಂದು ಸೇರುವುದು ಅಲ್ಲಿಗೆ. ಮಾತ್ರೆಗಳ ಮೊತ್ತದಿಂದ ಗಾತ್ರ ಕೊಟ್ಟರೆ ನಿಜಕ್ಕೆ ಹತ್ತಿರ. ವಾದಿಯನ್ನು ಶಾಸ್ತ್ರಕಾರರು ಹೇಳಿದ್ದು ಇಡೀ ರಾಗದ ಬಲ ನೋಡಿ. ಲೆಕ್ಕ ಅದಕ್ಕೆ ಸಾಕ್ಷಿ ಹೇಳಬಹುದು, ತೀರ್ಪು ಕೊಡಲಾರದು.

‘ಬಿಟ್ವೀನ್‌ನೆಸ್’ ಎಂಬ ಅಳತೆಯನ್ನೂ ಕೆಲವರು ವಾದಿಗೆ ಗಂಟು ಹಾಕುತ್ತಾರೆ. ಅದು ಹೇಳುವುದು ಯಾವ ಬಿಂದು ಉಳಿದವುಗಳ ನಡುವೆ ಹಾಯುವ ದಾರಿಯಲ್ಲಿ ಬರುತ್ತದೆ ಎಂದು ಮಾತ್ರ. ಪೈಥಾನ್‌ನ ನೆಟ್‌ವರ್ಕ್‌ಎಕ್ಸ್ ಎಂಬ ಜಾಲ-ಲೆಕ್ಕದ ಸಲಕರಣೆ ಬಳಸುವಿರಾದರೆ ಇಲ್ಲೊಂದು ಹೊಂಡ ಇದೆ: ಈ ಅಳತೆಯಲ್ಲಿ ಅದು ತೂಕವನ್ನು ದೂರವೆಂದು ಓದುತ್ತದೆ. ಹತ್ತು ಸಲ ಬಂದ ನಡೆ ಒಂದು ಸಲ ಬಂದದ್ದಕ್ಕಿಂತ ಹತ್ತು ಪಟ್ಟು ದೂರವಾಗಿ, ಉತ್ತರ ತಲೆಕೆಳಗಾಗುತ್ತದೆ. ಒಂದನ್ನು ತೂಕದಿಂದ ಭಾಗಿಸಿ ಆ ಸಂಖ್ಯೆ ಕೊಡಿ.

ಧ್ವನಿಮುದ್ರಣದಿಂದ ನೇರ ತೆಗೆಯುವುದು

ಬರುತ್ತದೆ, ಆದರೆ ಬರುವ ತಿಂಗಳೊಳಗೆ ಬೇಡ.

ಸಾನಿಕ್ ವಿಷುಅಲೈಸರ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ‘ಪಿ-ಯಿನ್’ ಎಂಬ ಪ್ಲಗಿನ್ ಹಾಕಿದರೆ ಒಂಟಿ ದನಿಯ ಶ್ರುತಿಯನ್ನು ಕ್ಷಣಕ್ಷಣಕ್ಕೆ ಕೊಡುತ್ತದೆ. ಸೆಕೆಂಡಿಗೆ 44,100 ಮಾದರಿಗಳ ಮುದ್ರಣದಲ್ಲಿ 256 ಮಾದರಿಗಳಿಗೊಮ್ಮೆ ಅಳೆದರೆ ಸುಮಾರು 5.8 ಮಿಲಿಸೆಕೆಂಡಿಗೆ ಒಂದು ಸಂಖ್ಯೆ. ತಬಲಾ, ಹಾರ್ಮೋನಿಯಂ ಜೊತೆಗಿದ್ದರೆ ಇದು ದಾರಿ ತಪ್ಪುತ್ತದೆ. ಅಂಥದಕ್ಕೆ ‘ಮೆಲೋಡಿಯಾ’ ಎಂಬ ಪ್ಲಗಿನ್ ವಾಸಿ, ಆದರೆ ಅದೂ ದನಿ ನಿಂತಾಗ ಹಿಂದೆಯೇ ಬರುವ ಹಾರ್ಮೋನಿಯಂ ಅನ್ನು ಗಾಯಕರೆಂದು ಹಿಡಿಯುತ್ತದೆ. ನೀವೇ ಹಾಡಿ ಮುದ್ರಿಸುವುದಿದ್ದರೆ ತಂಬೂರಿಯನ್ನು ಹೆಡ್‌ಫೋನಿನಲ್ಲಿ ಕೇಳಿಕೊಂಡು ಮೈಕಿಗೆ ಬರೀ ದನಿ ಹೋಗುವಂತೆ ಮಾಡಿ. ಅರ್ಧ ಕಷ್ಟ ಅಲ್ಲೇ ತೀರುತ್ತದೆ.

ಹರ್ಟ್ಸ್‌ನಲ್ಲಿ ಬಂದ ಸಂಖ್ಯೆಯನ್ನು ನಿಮ್ಮ ಸಾದಿಂದ ಭಾಗಿಸಿ, ಎರಡರ ಆಧಾರದ ಲಾಗ್ ತೆಗೆದು 1200ರಿಂದ ಗುಣಿಸಿದರೆ ಸೆಂಟ್ ಲೆಕ್ಕ (ಒಂದು ಸಪ್ತಕಕ್ಕೆ 1200 ಸೆಂಟ್). ಕಪ್ಪು ಒಂದರ (ಹಾರ್ಮೋನಿಯಂನ ಮೊದಲ ಕಪ್ಪು ಮನೆಯ) ಸಾ 138.6 ಹರ್ಟ್ಸ್ ಎಂದಿಟ್ಟುಕೊಳ್ಳಿ. ಹಾರ್ಮೋನಿಯಂನ ಗಾಂಧಾರ 174.6ಕ್ಕೆ, 400 ಸೆಂಟ್. ತಂಬೂರಿಗೆ ಕೂಡಿಸಿ ಹಾಡಿದ ಗಾಂಧಾರ 173.3ರ ಆಸುಪಾಸು, 386 ಸೆಂಟ್. ಹೀಗಾಗಿ ಸ್ವರದ ಗಡಿಯನ್ನು ಹಾರ್ಮೋನಿಯಂ ಲೆಕ್ಕದಲ್ಲಿ ಬಿಗಿಯಾಗಿ ಇಡಬೇಡಿ, ಎರಡೂ ಕಡೆ 40 ಸೆಂಟ್ ಬಿಡಿ.

ದೊಡ್ಡ ತೊಡಕು ಮೀಂಡಿನದು. ಗಾಂಧಾರದಿಂದ ಷಡ್ಜಕ್ಕೆ ಜಾರಿದರೆ ದನಿ ರಿಷಭದ ಮೇಲೆ ಹಾಯ್ದೇ ಹೋಗಬೇಕು. ಯಂತ್ರ ಅಲ್ಲೊಂದು ರೇ ಬರೆದುಕೊಳ್ಳುತ್ತದೆ, ನೀವು ಹಾಡಿರುವುದಿಲ್ಲ. 100 ಮಿಲಿಸೆಕೆಂಡಿಗಿಂತ ಕಡಿಮೆ ನಿಂತದ್ದನ್ನು ಸ್ವರವಲ್ಲ ಎಂದು ತೆಗೆದುಹಾಕುವುದು ರೂಢಿಯ ಉಪಾಯ, ಆಲಾಪಕ್ಕೆ ಸರಿಹೋಗುತ್ತದೆ. ಆದರೆ ನಿಮಿಷಕ್ಕೆ 240 ಮಾತ್ರೆಯ ದ್ರುತ್‌ನಲ್ಲಿ ಮಾತ್ರೆಗೆ ಎರಡು ಸ್ವರದ ತಾನಿನಲ್ಲಿ (ವೇಗವಾಗಿ ಓಡುವ ಸ್ವರಸಾಲು) ಒಂದೊಂದು ಸ್ವರ 125 ಮಿಲಿಸೆಕೆಂಡ್, ನಾಲ್ಕಾದರೆ 62.5. ಅದೇ ಜರಡಿ ಇಡೀ ತಾನನ್ನು ಸುಳ್ಳೆಂದು ಸೋಸಿಬಿಡುತ್ತದೆ. ಆದ್ದರಿಂದ ಆಲಾಪ, ವಿಲಂಬಿತ್ (ನಿಧಾನ ಗತಿ) ಒಂದು ಚಿತ್ರ. ತಾನ್ ಬೇರೆ ಚಿತ್ರ, ಬೇರೆ ಜರಡಿ. ಎರಡನ್ನೂ ಕಲಸಬೇಡಿ.

ನಮ್ಮ ಭಾಗದಲ್ಲಿ ವಿಶೇಷವಾಗಿ ನೆನಪಿಡಬೇಕಾದ್ದು ಇನ್ನೊಂದು. ಭೂಪಾಲಿಯನ್ನು ಭೀಮಸೇನ ಜೋಶಿ ಅಥವಾ ಗಂಗೂಬಾಯಿ ಹಾನಗಲ್ ಅವರ ಮುದ್ರಣದಿಂದ, ದೇಶಕಾರವನ್ನು ಮಲ್ಲಿಕಾರ್ಜುನ ಮನ್ಸೂರರಿಂದ ತೆಗೆದು ಹೋಲಿಸಿದರೆ ಕಿರಾನಾ ಮತ್ತು ಜೈಪುರ-ಅತ್ರೌಲಿ ಘರಾಣೆಗಳ ಹಾಡುವ ಶೈಲಿಯ ವ್ಯತ್ಯಾಸವನ್ನೇ ರಾಗದ ವ್ಯತ್ಯಾಸ ಎಂದುಕೊಳ್ಳುವಿರಿ. ಎರಡೂ ರಾಗ ಒಬ್ಬರದೇ ಇರಲಿ.

ವಿದ್ಯಾರ್ಥಿಗಳ ಮುಂದೆ

ಹನ್ನೆರಡು ಚೀಜನ್ನೂ ತೋರಿಸಲು ಹೋಗಬೇಡಿ. ಮೊದಲು ತೀನ್‌ತಾಲದ ನಾಲ್ಕು ಬಿಂದುವಿನ ಚಿತ್ರ, ಅದರ ಪಕ್ಕ ಆ ವಿಚಿತ್ರ ಆವರ್ತನ. ಕೈಯಲ್ಲಿ ತಾಲ ಹಾಕುತ್ತ ಓದಿಸಿ, ತಬಲಾ ವಿದ್ಯಾರ್ಥಿಗಳು ಎರಡನೆಯ ವಿಭಾಗಕ್ಕೆ ಬರುವಷ್ಟರಲ್ಲಿ ಎದ್ದು ನಿಲ್ಲುತ್ತಾರೆ. ಆಮೇಲೆ ಹತ್ತು ಬಿಂದುವಿನದು. ರಾಗಕ್ಕೆ ಒಂದೇ ಚಿತ್ರ ಸಾಕು, ಎರಡರ ಅಂತರದ್ದು: ಭೂಪಾಲಿಯ ಪಟ್ಟಿಯಿಂದ ದೇಶಕಾರದ ಪಟ್ಟಿಯನ್ನು ಮನೆಮನೆಗೂ ಕಳೆಯಿರಿ, ಭೂಪಾಲಿಯಲ್ಲಿ ಹೆಚ್ಚು ಬಂದ ನಡೆ ಒಂದು ಬಣ್ಣ, ದೇಶಕಾರದಲ್ಲಿ ಹೆಚ್ಚು ಬಂದದ್ದು ಇನ್ನೊಂದು ಬಣ್ಣ, ನೂರಕ್ಕೆ ಹತ್ತಕ್ಕಿಂತ ಕಡಿಮೆ ಅಂತರ ಇದ್ದದ್ದನ್ನು ಬರೆಯಲೇಬೇಡಿ. ಗೆರೆಗಳ ಗೋಜಲು ಅಲ್ಲಿಗೆ ಕರಗುತ್ತದೆ. ಪ್ರತಿ ದಪ್ಪ ಬಾಣಕ್ಕೂ ಅದು ಬರುವ ಒಂದು ತುಂಡನ್ನು ಹಾಡಿ ತೋರಿಸಿ. ಗುರುಗಳನ್ನೇ ಹಾಡಲು ಕೇಳಿಕೊಂಡರೆ ಇನ್ನೂ ಒಳ್ಳೆಯದು.

ಕೇಳುವವರಲ್ಲಿ ಕಣ್ಣು ಕಾಣದವರು ಇರಬಹುದು. ಗದಗದ ವೀರೇಶ್ವರ ಪುಣ್ಯಾಶ್ರಮದ ಪರಂಪರೆ ಇರುವ ಈ ಭಾಗದಲ್ಲಿ ಅದು ಅಪರೂಪವೇನಲ್ಲ. ಅವರಿಗೆ ನಡೆಗಳ ಪಟ್ಟಿಯನ್ನೇ ವಾಕ್ಯ ಮಾಡಿ ಕೊಡಿ: ‘ಪಂಚಮದಿಂದ: ಗಾಂಧಾರಕ್ಕೆ ಇಷ್ಟು, ಧೈವತಕ್ಕೆ ಇಷ್ಟು, ವಿರಾಮ ಇಷ್ಟು’. ಫೋನಿನ ಓದುವ ತಂತ್ರಾಂಶ ಇದನ್ನು ಸಲೀಸಾಗಿ ಓದುತ್ತದೆ, ಚಿತ್ರದಲ್ಲಿರುವುದೆಲ್ಲ ಇದರಲ್ಲಿದೆ.

ಕೊನೆಯದು ಅಕ್ಷರದ ಕಾಟ. ಗೆಫಿಗೆ ಕೊಡುವ ಕಡತದಲ್ಲಿ ಸೋರ್ಸ್, ಟಾರ್ಗೆಟ್, ವೇಟ್ ಎಂಬ ತಲೆಬರಹಗಳನ್ನು ಇಂಗ್ಲಿಷಿನಲ್ಲೇ ಬರೆಯಬೇಕು. ಪೈಥಾನ್‌ನ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಚಿತ್ರ ಬರೆಸಿದರೆ ಕನ್ನಡದ ಗುಣಿತಾಕ್ಷರ, ಒತ್ತಕ್ಷರಗಳು ಒಡೆದುಹೋಗುವುದು ಸಾಮಾನ್ಯ; ‘ಧಿಂ’ ಎಂಬುದು ಮೂರು ತುಂಡಾಗಿ ಬೀಳುತ್ತದೆ. ಗ್ರಾಫ್‌ವಿಜ್‌ನಲ್ಲಿ ನೋಟೋ ಸಾನ್ಸ್ ಕನ್ನಡ ಫಾಂಟ್ ಹೆಸರಿಸಿದರೆ ಸರಿಯಾಗಿ ಬರುತ್ತದೆ. ಇಲ್ಲವೇ ಹೆಸರಿಲ್ಲದ ಬಿಂದುಗಳನ್ನಷ್ಟೇ ಎಸ್‌ವಿಜಿ ಕಡತವಾಗಿ ತೆಗೆದು, ಇಂಕ್‌ಸ್ಕೇಪ್‌ನಲ್ಲಿ ಸ್ವರದ ಹೆಸರನ್ನು ಕೈಯಿಂದ ಕೂರಿಸಿ. ಹತ್ತು ಬಿಂದುವಿಗೆ ಅದೇನು ದೊಡ್ಡ ಕೆಲಸವಲ್ಲ, ಮಂದ್ರ-ತಾರದ ಚುಕ್ಕೆಗಳನ್ನೂ ಆಗಲೇ ಇಟ್ಟುಬಿಡಬಹುದು.